ಗರಿ ನೋಡಿ ಕಡಲಹಕ್ಕಿಯ ಊಟ ಹೇಳಬಹುದಾ?

ಪ್ರಶ್ನೆ: ನಡುಗಡಲಲ್ಲಿ ಹಕ್ಕಿ ಏನು ತಿನ್ನುತ್ತದೆ ಅಂತ ಯಾರೂ ಹಿಂದೆ ಹೋಗಿ ನೋಡೋಕಾಗಲ್ಲ. ಒಂದು ಗರಿ ಪರೀಕ್ಷಿಸಿದರೆ ಗೊತ್ತಾಗುತ್ತದಂತೆ, ಹೌದಾ?
(ಓದುಗರು, ಬಸವನಗುಡಿ, ಬೆಂಗಳೂರು)

ಹೌದು. ಆದರೆ ‘ಬೂತಾಯಿ ಮೀನು ತಿಂದಿತ್ತು’ ಅಂತ ಹೆಸರು ಹಿಡಿದು ಗರಿ ಹೇಳುವುದಿಲ್ಲ. ಆಹಾರ ಸರಪಳಿಯ ಯಾವ ಮಟ್ಟದ್ದು, ಕಡಲಿನ ಯಾವ ಭಾಗದ್ದು, ಇಷ್ಟನ್ನು ಹೇಳುತ್ತದೆ.

ತಿಂದ ಆಹಾರದಿಂದಲೇ ಅಲ್ವಾ ಗರಿ ಬೆಳೆಯೋದು? ಆ ಆಹಾರದಲ್ಲಿರುವ ಸಾರಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುಪಾಲು ಸಾರಜನಕ-14, ಎಲ್ಲೋ ಸ್ವಲ್ಪ ಸಾರಜನಕ-15. ಇವೇ ಸ್ಥಿರ ಐಸೋಟೋಪುಗಳು. ವಿಕಿರಣ ಸೂಸುವುದಿಲ್ಲ, ಎಷ್ಟು ಕಾಲ ಕಳೆದರೂ ಬದಲಾಗುವುದಿಲ್ಲ. ದೇಹ ಹಗುರವಾದದ್ದನ್ನು ಹಿಕ್ಕೆಯಲ್ಲಿ ಜಾಸ್ತಿ ಹೊರಹಾಕುತ್ತದೆ, ಭಾರದ್ದು ಮೈಯಲ್ಲಿ ಉಳಿಯುತ್ತದೆ. ಹಾಗಾಗಿ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಭಾರದ ಸಾರಜನಕದ ಪಾಲು, ಮೊದಲಿದ್ದದ್ದಕ್ಕಿಂತ ಸಾವಿರಕ್ಕೆ 3ರಿಂದ 4 ಭಾಗದಷ್ಟು ಹೆಚ್ಚುತ್ತದೆ. ಸಿಗಡಿಯಂಥ ಕ್ರಿಲ್ ತಿನ್ನುವ ಹಕ್ಕಿಗಿಂತ ದೊಡ್ಡ ಮೀನು ತಿನ್ನುವ ಹಕ್ಕಿಯಲ್ಲಿ ಈ ಅಳತೆ ಮೇಲಿರುತ್ತದೆ.

ಇಂಗಾಲ ಹೇಳುವುದು ಆಹಾರದ ಮೂಲವನ್ನು. ನಮ್ಮ ತಟ್ಟೆಯನ್ನೇ ನೋಡಿ. ರಾಗಿ, ಭತ್ತ ಎರಡೂ ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಬೇರೆ. ರಾಗಿಯಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13, ಜಾಸ್ತಿ. ದಿನವೂ ಮುದ್ದೆ ಉಣ್ಣುವವರ ಕೂದಲಲ್ಲಿ, ಬರೀ ಅನ್ನ ಉಣ್ಣುವವರಿಗಿಂತ ಇದು ಹೆಚ್ಚಿರುತ್ತದೆ. ಕಡಲಿನಲ್ಲಿ ದಡದ ಹತ್ತಿರದ, ತಳದ ಆಹಾರದಲ್ಲಿ ಇಂಗಾಲ-13 ಸಾಮಾನ್ಯವಾಗಿ ಜಾಸ್ತಿ, ನಡುಗಡಲಿನದ್ದರಲ್ಲಿ ಕಡಿಮೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಕಾಲದ ವಿಷಯ. ರಕ್ತದ ಪ್ಲಾಸ್ಮಾದಲ್ಲಿ ಕೆಲವು ದಿನಗಳ ಊಟದ ಗುರುತಿರುತ್ತದೆ, ಕೆಂಪು ಕಣಗಳಲ್ಲಿ ಕೆಲವು ವಾರಗಳದ್ದು, ಮೂಳೆಯಲ್ಲಿ ವರ್ಷಗಳದ್ದು. ಗರಿ ಬೆಳೆದು ಮುಗಿದ ಮೇಲೆ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಬೆಳೆಯುವಾಗ ತಿಂದದ್ದರ ಗುರುತು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಮ್ಯೂಸಿಯಂನ ಹಳೇ ಹಕ್ಕಿಗಳನ್ನು ಸುಮ್ನೆ ಧೂಳು ತಿನ್ನಲು ಬಿಡಬಾರದು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲಹಕ್ಕಿಯ ನೂರು ವರ್ಷ ಹಿಂದಿನ ಗರಿಗಳನ್ನು ಈಚಿನವುಗಳ ಜೊತೆ ಹೋಲಿಸಿ ನೋಡಿದರು. ಹಕ್ಕಿಯ ಊಟ ಸರಪಳಿಯಲ್ಲಿ ಕೆಳಗಿಳಿದಿತ್ತು. 2006ರಲ್ಲಿ ಪ್ರಕಟವಾದ ಆ ಅಧ್ಯಯನ ಇದನ್ನು ಅಲ್ಲಿನ ಮೀನು ಬರಿದಾದದ್ದಕ್ಕೆ ಜೋಡಿಸಿತು.

ಪರೀಕ್ಷೆಗೆ ಒಂದು ಮಿಲಿಗ್ರಾಮಿನಷ್ಟು ಗರಿ ಸಾಕು. ಎಣ್ಣೆಯಂಶ ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ, ಪುಟಾಣಿ ತವರದ ಬಟ್ಟಲಲ್ಲಿಟ್ಟು ಮಡಚುತ್ತಾರೆ. ಬಟ್ಟಲ ಸಮೇತ ಸುಟ್ಟು, ಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ಐಸೋಟೋಪು ಅಳೆಯುವ ಇಂಥ ಯಂತ್ರ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಇದೆ.

ಗರಿಯ ಅಳತೆ ಒಂದೇ ಸಾಲದು. ಒಂದೊಂದು ಕಡಲಿನ ಮೂಲ ಅಳತೆಯೇ ಬೇರೆ ಇರುವುದರಿಂದ ಅಲ್ಲಿನ ಮೀನನ್ನೂ ಅಳೆಯಬೇಕು. ಹಕ್ಕಿ ಕಕ್ಕಿದ್ದನ್ನು ನೋಡುವ ಹಳೇ ಪದ್ಧತಿಯೂ ಬೇಕೇ ಬೇಕು, ಮೀನಿನ ಹೆಸರು ಸಿಗುವುದು ಅದರಲ್ಲೇ. ಅದನ್ನೊಂದನ್ನೇ ನಂಬಿದರೂ ಕಷ್ಟ. ಬೊಂಡಾಸಿನ (ಸ್ಕ್ವಿಡ್) ಗಟ್ಟಿ ಕೊಕ್ಕು ಹೊಟ್ಟೆಯಲ್ಲಿ ಬಹಳ ದಿನ ಉಳಿಯುತ್ತದೆ, ಮೆತ್ತನೆಯ ಜೆಲ್ಲಿಫಿಶ್ ಬೇಗ ಕರಗಿ ಲೆಕ್ಕಕ್ಕೇ ಸಿಗುವುದಿಲ್ಲ.