ಟೂ-ಲೋ: ಇದು ಗೇರಿನ ಸಾಲಿನ ಮಾತು, ಚಕ್ರದ ಲೆಕ್ಕವಲ್ಲ

ಕಳೆದ ವಾರ ಒಂದು ಪಿಕಪ್ ಗಾಡಿಯ ಬಗ್ಗೆ ಕನ್ನಡದ ವಿಡಿಯೊ ನೋಡುತ್ತಿದ್ದೆ. ಅಮೆರಿಕದಲ್ಲಿ ದೋಣಿ ಎಳೆಯುವವರು ‘ಟೂ ವ್ಹೀಲ್ ಡ್ರೈವ್ ಲೋ ರೇಂಜ್’ ಬಳಸುತ್ತಾರೆ ಎಂಬ ಮಾತು ಬಂತು. ಅದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ಎರಡೇ ಚಕ್ರಕ್ಕೆ ಬಲ ಹೋದರೆ ಲೋ, ನಾಲ್ಕಕ್ಕೂ ಹೋದರೆ ಹೈ. ಇದು ಪೂರ್ತಿ ತಪ್ಪು. ಇದೇ ತಪ್ಪನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಅದಕ್ಕೇ ಬರೆಯಲು ಕೂತೆ. ಎಷ್ಟು ಚಕ್ರಕ್ಕೆ ಬಲ ಹೋಗುತ್ತದೆ ಎಂಬುದು ಒಂದು ವಿಷಯ. ಲೋ, ಹೈ ಎಂಬುದು ಇನ್ನೊಂದು ವಿಷಯ.

ನನ್ನ ಪ್ರಕಾರ ಗೊಂದಲದ ಬೇರು ಇರುವುದು ‘ರೇಂಜ್’ ಪದದಲ್ಲಿ. ನಾವು ಈ ಪದವನ್ನು ದಿನಾ ಬಳಸುತ್ತೇವೆ. ಊರಿಗೆ ಹೋದರೆ ಮೊಬೈಲಿಗೆ ರೇಂಜ್ ಸಿಗಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ರೇಂಜ್ ಎಷ್ಟು ಅಂತ ಕೇಳುತ್ತೇವೆ. ಯಾರಾದರೂ ದುಡ್ಡು ಮಾಡಿಕೊಂಡರೆ ‘ಅವನ ರೇಂಜೇ ಬೇರೆ’ ಅನ್ನುತ್ತೇವೆ. ಇವೆಲ್ಲ ಅಳತೆಯ, ಮಟ್ಟದ ಮಾತು. ಹಾಗಾಗಿ ‘ಲೋ ರೇಂಜ್’ ಅಂದ ತಕ್ಷಣ ಕಡಿಮೆ ಶಕ್ತಿ, ಕಡಿಮೆ ದರ್ಜೆ ಅಂತಲೇ ಅನಿಸಿಬಿಡುತ್ತದೆ.

ಆದರೆ ಆ ಪದದ ಹಳೆಯ ಅರ್ಥ ‘ಸಾಲು’. ಹಳೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದು ಸಾಲಾಗಿ ನಿಂತ ಜನರಿಗೆ ಹೇಳುವ ಮಾತಾಗಿತ್ತು. ‘ರ‍್ಯಾಂಕ್’, ‘ಅರೇಂಜ್’ ಎರಡೂ ಅದರ ದಾಯಾದಿಗಳು. ರ‍್ಯಾಂಕ್ ಅಂದರೂ ಮೊದಲಿಗೆ ಸೈನಿಕರ ಸಾಲೇ, ಅರೇಂಜ್ ಅಂದರೆ ಸಾಲಾಗಿ ಜೋಡಿಸುವುದು. ಇನ್ನೂ ಹಿಂದೆ ಹೋದರೆ ಫ್ರಾಂಕ್ ಜನರ ಭಾಷೆಯಲ್ಲಿ ಬಳೆಯಂತೆ ಸುತ್ತು ನಿಲ್ಲುವುದಕ್ಕೆ ಇದ್ದ ಪದ ಸಿಗುತ್ತದೆ. ಉಂಗುರಕ್ಕೆ ಹೇಳುವ ‘ರಿಂಗ್’ ಕೂಡ ಅದೇ ಬೇರಿನದು. ಸುತ್ತು ನಿಂತವರು ಕಾಲಕ್ರಮದಲ್ಲಿ ಸಾಲಾಗಿ ನಿಂತರು. ಪದವೂ ಅವರ ಜೊತೆ ನಡೆದು ಬಂತು.

ಕನ್ನಡ ಈ ಅರ್ಥವನ್ನು ಬಹಳ ಹಿಂದೆಯೇ ಸರಿಯಾಗಿ ಹಿಡಿದಿದೆ. ‘ಮೌಂಟನ್ ರೇಂಜ್’ಗೆ ನಾವು ಏನನ್ನುತ್ತೇವೆ? ಬೆಟ್ಟಸಾಲು. ಎಷ್ಟು ಚೆಂದದ ಪದ! ಅಲ್ಲಿ ಸಾಲು ಅಂದವರು ಗಾಡಿಯ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಎಡವಬೇಕು? ಲೋ ರೇಂಜ್ ಅಂದರೆ ಗೇರುಗಳ ಕೆಳಸಾಲು. ಹೈ ರೇಂಜ್ ಅಂದರೆ ಮೇಲ್ಸಾಲು. ಇದ್ದ ಅಷ್ಟೂ ಗೇರುಗಳು, ರಿವರ್ಸ್ ಕೂಡ ಸೇರಿ, ಕೆಳಸಾಲಿನಲ್ಲಿ ಇನ್ನೊಮ್ಮೆ ಸಿಗುತ್ತವೆ. ವೇಗ ಕಡಿಮೆ, ಎಳೆತ ಜಾಸ್ತಿ.

ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ನಮ್ಮ ಕಡೆಯ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ‘8 ಮುಂದೆ, 2 ಹಿಂದೆ’ ಗೇರು ಇರುತ್ತವಲ್ಲ, ಆ ಎಂಟು ಎಲ್ಲಿಂದ ಬಂತು? ನಾಲ್ಕು ಗೇರು, ಎರಡು ಸಾಲು. ರಿವರ್ಸ್ ಒಂದು, ಎರಡು ಸಾಲು. ಪಕ್ಕದಲ್ಲಿರುವ ಹೈ-ಲೋ ಲಿವರ್ ಸಾಲು ಬದಲಿಸುತ್ತದೆ. ಬಲ ಹೋಗುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಗದ್ದೆಯಲ್ಲಿ ಲೋ ಹಾಕಿ ಉಳುವ ರೈತ ಬಳಸುತ್ತಿರುವುದೇ ಟೂ ವ್ಹೀಲ್ ಡ್ರೈವ್ ಲೋ. ಎರಡು ಚಕ್ರವೂ ಇದೆ, ಲೋ ಕೂಡ ಇದೆ.

ಹಾಗಾದರೆ ಪಿಕಪ್ ಗಾಡಿಯಲ್ಲಿ ಗೊಂದಲ ಯಾಕೆ? ಅಲ್ಲಿ ಒಂದೇ ಲಿವರ್ ಎರಡು ಕೆಲಸ ಮಾಡುತ್ತದೆ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಮುಂದಿನ ಚಕ್ರಗಳಿಗೆ ಬಲ ಕೊಡಬೇಕೋ ಬೇಡವೋ ಎಂಬುದು ಅದರ ಒಂದು ಕೆಲಸ. ಯಾವ ಸಾಲು ಎಂಬುದು ಇನ್ನೊಂದು. ಲಿವರಿನಲ್ಲಿ ಸಿಗುವುದು ಟೂ-ಹೈ (ಎರಡು ಚಕ್ರ, ಮೇಲ್ಸಾಲು), ಫೋರ್-ಹೈ (ನಾಲ್ಕು ಚಕ್ರ, ಮೇಲ್ಸಾಲು), ನ್ಯೂಟ್ರಲ್, ಫೋರ್-ಲೋ (ನಾಲ್ಕು ಚಕ್ರ, ಕೆಳಸಾಲು) ಮಾತ್ರ. ನಾಲ್ಕನೇ ಜೋಡಿಯಾದ ಟೂ-ಲೋ ಅಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅದಕ್ಕೇ ಜನರಿಗೆ ಲೋ ಅಂದರೆ ಫೋರ್ ವ್ಹೀಲ್ ಡ್ರೈವಿನ ಬಾಲ ಅನಿಸುತ್ತದೆ.

ಕಂಪನಿಗಳು ಅದನ್ನು ಕೊಡದೇ ಇರುವುದಕ್ಕೆ ಕಾರಣವಿದೆ. ಜೀಪ್ ರ‍್ಯಾಂಗ್ಲರಿನ ಮಾಮೂಲಿ ಕೆಳಸಾಲು ಎಳೆತವನ್ನು 2.72 ಪಟ್ಟು ಮಾಡುತ್ತದೆ, ರೂಬಿಕಾನ್ ಮಾದರಿಯಲ್ಲಿ 4 ಪಟ್ಟು. ಇಂಜಿನ್ 400 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಗೇರು ಅದನ್ನು 4 ಪಟ್ಟು ಮಾಡುತ್ತದೆ, ಚಕ್ರಗಳನ್ನು ತಿರುಗಿಸುವ ಆಕ್ಸಲ್ ಮತ್ತೆ 3.73 ಪಟ್ಟು. ಗುಣಿಸಿದರೆ ಸುಮಾರು 6,000. ಕೆಳಸಾಲು 2.72 ಆದರೆ ಅದೇ ಲೆಕ್ಕ 16,000 ದಾಟುತ್ತದೆ. ಫೋರ್-ಲೋದಲ್ಲಿ ಇದನ್ನು ಎರಡು ಆಕ್ಸಲ್ ಹಂಚಿಕೊಳ್ಳುತ್ತವೆ. ಟೂ-ಲೋದಲ್ಲಿ ಹಿಂದಿನ ಆಕ್ಸಲ್ ಒಂದೇ ಹೊರಬೇಕು. ಟ್ರೇಲರಿನ ಮೂತಿ ಹಿಂದಿನ ಚಕ್ರದ ಮೇಲೆ ಭಾರ ಹೇರಿದಾಗ ಟೈರು ಜಾರಿ ತಪ್ಪಿಸಿಕೊಳ್ಳುವುದೂ ಇಲ್ಲ. ಆಕ್ಸಲೇ ಮುರಿಯಬಹುದು. ಹಾಗಾಗಿ ಟೂ-ಲೋದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಬೇಕು.

ಆದರೂ ದೋಣಿಯವರಿಗೆ ಅದು ಬೇಕು. ಯಾಕೆಂದರೆ ದೋಣಿಯ ಟ್ರೇಲರ್ ರಿವರ್ಸಿನಲ್ಲೇ ಬದುಕುವ ವಸ್ತು. ನೀರಿಗೆ ಇಳಿಸುವುದು ರಿವರ್ಸಿನಲ್ಲಿ, ಮನೆ ಪಕ್ಕದ ಸಂದಿಗೆ ನುಗ್ಗಿಸುವುದು ರಿವರ್ಸಿನಲ್ಲಿ. ಮುಂದೆ ಹೋಗಲು ಮೊದಲ ಗೇರು, ಎರಡನೇ ಗೇರು ಅಂತ ಆಯ್ಕೆ ಇದೆ. ಹಿಂದಕ್ಕೆ ಇರುವುದು ಒಂದೇ ಗೇರು. ಅದಕ್ಕಿಂತ ನಿಧಾನ ಬೇಕು ಅಂದರೆ ಕ್ಲಚ್ ಅರ್ಧ ಒತ್ತಿ ಹಿಡಿಯಬೇಕು. ಹಾಗೆ ಹಿಡಿದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. 20 ಅಡಿಯ ಫೈಬರ್ ದೋಣಿ, ಅದರ ಇಂಜಿನ್, ಪೆಟ್ರೋಲ್, ಟ್ರೇಲರ್ ಎಲ್ಲ ಸೇರಿ 2,000 ಕೆಜಿ ಆಗಬಹುದು. ಅದನ್ನು ಏರುದಾರಿಯಲ್ಲಿ ಗೇಣು ಗೇಣಾಗಿ ಹಿಂದಕ್ಕೆ ತಳ್ಳಲು ರಿವರ್ಸಿನ ಕೆಳಸಾಲು ಬಿಟ್ಟರೆ ಬೇರೆ ದಾರಿಯಿಲ್ಲ. ಮೇಲ್ಸಾಲಿನಲ್ಲಿ ಗಂಟೆಗೆ ಸುಮಾರು 7 ಕಿ.ಮೀ. ವೇಗದಲ್ಲಿ ತೆವಳುವ ಗಾಡಿ 2.72ರ ಕೆಳಸಾಲಿನಲ್ಲಿ 2.5 ಕಿ.ಮೀ. ವೇಗಕ್ಕೆ ಇಳಿಯುತ್ತದೆ. ಕ್ಲಚ್ ಪೂರ್ತಿ ಬಿಟ್ಟು ಸ್ಟೀರಿಂಗ್ ಮೇಲಷ್ಟೇ ಗಮನ ಇಡಬಹುದು.

ಫೋರ್-ಲೋ ಹಾಕಿದರೆ ಸಾಲದೇ ಅಂತ ಕೇಳಬಹುದು. ಒಣಗಿದ ಕಾಂಕ್ರೀಟಿನ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳಬೇಕು. ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಬಲ ಕೊಡುವ ಪಾರ್ಟ್-ಟೈಮ್ ಫೋರ್ ವ್ಹೀಲ್ ಡ್ರೈವ್ ಹಾಕಿದಾಗ ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಗಾಡಿ ಕಟ್ಟಿಹಾಕಿದ ಹಾಗೆ ಜಗ್ಗುತ್ತದೆ, ಟೈರು ಉಜ್ಜುತ್ತದೆ. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ. ಕಾಂಕ್ರೀಟಿನಲ್ಲಿ ಆಗಲ್ಲ. ಟೂ-ಲೋದ ನಿಜವಾದ ಜಾಗ ಇದು: ಒಣ ನೆಲ, ಬಿಗಿ ತಿರುವು, ಭಾರದ ಟ್ರೇಲರ್, ರಿವರ್ಸ್.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅದೇ ಟೂ-ಲೋವನ್ನು ದೋಣಿ ಇಳಿಸುವ ರ‍್ಯಾಂಪಿಗೂ ಸಲಹೆ ಮಾಡುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಸರೋವರಗಳ ರ‍್ಯಾಂಪುಗಳು ಸಾಮಾನ್ಯವಾಗಿ ನೇರವಾಗಿರುತ್ತವೆ, ಇಳಿಜಾರು 12ರಿಂದ 15 ಶೇಕಡ. ಗಾಡಿ ಹಿಂದಕ್ಕೆ ಇಳಿದು ನಿಂತಾಗ ಹಿಂದಿನ ಚಕ್ರಗಳು ನೀರಿನ ಅಂಚಿನ ಪಾಚಿಯ ಮೇಲೆ, ಮುಂದಿನ ಚಕ್ರಗಳು ಒಣ ಕಾಂಕ್ರೀಟಿನ ಮೇಲೆ. ಹಿಡಿತ ಇರುವುದು ಮುಂದೆ. ಟೂ-ಲೋ ಬಲವನ್ನೆಲ್ಲ ಕೊಡುವುದು ಹಿಂದೆ, ಅಂದರೆ ಪಾಚಿಗೆ. ಕೆಳಸಾಲು ಎಳೆತ ಕೊಡುತ್ತದೆಯೇ ಹೊರತು ಹಿಡಿತ ಕೊಡುವುದಿಲ್ಲ. ಅಲ್ಲಿ ಫೋರ್-ಲೋ ಬೇಕು. ದಾರಿ ನೇರವಾಗಿರುವುದರಿಂದ ಜಗ್ಗುವ ತೊಂದರೆಯೂ ಇರುವುದಿಲ್ಲ.

ಲಿವರಿನಲ್ಲಿ ಇಲ್ಲದ ಟೂ-ಲೋ ಸಿಗುವುದು ಹೇಗೆ? ಹಳೆಯ ಜೀಪ್ ಸಿಜೆಗಳ ಡಾನಾ 300 ಟ್ರಾನ್ಸ್‌ಫರ್ ಕೇಸಿಗೆ ಎರಡು ಬೇರೆ ಬೇರೆ ಲಿವರ್ ಹಾಕಿಸಿಕೊಳ್ಳುವವರಿದ್ದಾರೆ. ಒಂದು ಮುಂದಿನ ಆಕ್ಸಲಿಗೆ, ಒಂದು ಹಿಂದಿನದಕ್ಕೆ. ಇನ್ನೊಂದು ಸುಲಭದ ದಾರಿ ನಮ್ಮ ಮಾರುತಿ ಜಿಪ್ಸಿಯವರಿಗೆ ಚೆನ್ನಾಗಿ ಗೊತ್ತಿರುವ ಕೈಯಿಂದ ತಿರುಗಿಸುವ ಹಬ್, ಅಂದರೆ ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಜೋಡಿಸುವ, ಬಿಡಿಸುವ ಚಕ್ರದ ನಡುವಿನ ಭಾಗ. ಮುಂದಿನ ಎರಡೂ ಹಬ್ ಬಿಡಿಸಿ ಲಿವರನ್ನು ಫೋರ್-ಲೋಗೆ ಹಾಕಿದರೆ ಮುಂದಿನ ಶಾಫ್ಟ್ ಸುಮ್ನೆ ತಿರುಗುತ್ತದೆ, ಬಲ ಚಕ್ರಕ್ಕೆ ಮುಟ್ಟುವುದಿಲ್ಲ. ಉಳಿಯುವುದು ಟೂ-ಲೋ. ತಾನಾಗಿಯೇ ಲಾಕ್ ಆಗುವ ಹಬ್ ಇರುವ ಹೊಸ ಗಾಡಿಗಳಲ್ಲಿ ಇದು ಹೀಗೆ ಸಿಗುವುದಿಲ್ಲ.

ಹಬ್ ಬಿಡಿಸಿದವರು ಒಂದು ವಿಷಯ ನೆನಪಿಡಬೇಕು. ದೋಣಿಯನ್ನು ಮನೆ ಪಕ್ಕಕ್ಕೆ ಸೇರಿಸಿದ ಮೇಲೆ, ಮತ್ತೆ ಸರೋವರಕ್ಕೆ ಹೊರಡುವ ಮುಂಚೆ, ಎರಡೂ ಹಬ್ ಲಾಕ್ ಮಾಡಿ. ಮರೆತರೆ ರ‍್ಯಾಂಪಿನಲ್ಲಿ ಲಿವರ್ ಫೋರ್-ಲೋದಲ್ಲೇ ಇರುತ್ತದೆ, ಮುಂದಿನ ಚಕ್ರಗಳು ಮಾತ್ರ ಎಳೆಯುವುದಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಹಿಂದಿನ ಚಕ್ರ ಪಾಚಿಯ ಮೇಲೆ ತಿರುಗುತ್ತಿರುತ್ತದೆ.