ಅಮೆರಿಕದ ಸ್ತ್ರೀವಾದಿ ವಿಮರ್ಶೆ: ಪುಸ್ತಕವೇ ಸಿಗದಿದ್ದರೆ ಪಾಠ ಹೇಗೆ?

ಸ್ತ್ರೀವಾದಿ ವಿಮರ್ಶೆ, ಅಂದರೆ ಸಾಹಿತ್ಯವನ್ನು ಹೆಣ್ಣಿನ ಕಡೆಯಿಂದ ನೋಡುವ ಕ್ರಮ. ಅದನ್ನು ಪರೀಕ್ಷೆಗೆ ಓದುವಾಗ ನಾವು ಮೊದಲು ಬಾಯಿಪಾಠ ಮಾಡುವುದು ವಿಮರ್ಶಕಿಯರ ಹೆಸರು, ಅವರ ಪುಸ್ತಕ ಬಂದ ಇಸವಿ. ಕೇಟ್ ಮಿಲೆಟ್ 1970, ಎಲೇನ್ ಶೋವಾಲ್ಟರ್ 1977, ಗಿಲ್ಬರ್ಟ್ ಮತ್ತು ಗೂಬಾರ್ 1979. ಅವು ಬೇಕೇ ಬೇಕು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತರಗತಿಯಲ್ಲಿ, ಅಚ್ಚಿನ ಮನೆಯಲ್ಲಿ ನಡೆದ ಕೆಲಸ ಕಾಣುವುದೇ ಇಲ್ಲ.

ವಿಮರ್ಶಕಿ ಜೂಡಿತ್ ಫೆಟರ್ಲಿಯಿಂದ ಶುರು ಮಾಡಿ. 1978ರ 'ದ ರೆಸಿಸ್ಟಿಂಗ್ ರೀಡರ್'ನಲ್ಲಿ ಅವರು ವಾಷಿಂಗ್ಟನ್ ಇರ್ವಿಂಗ್ ಬರೆದ 'ರಿಪ್ ವ್ಯಾನ್ ವಿಂಕಲ್' ಕಥೆಯನ್ನು ಎತ್ತಿಕೊಳ್ಳುತ್ತಾರೆ. ಹೆಂಡತಿಯ ಬೈಗುಳ ತಾಳದೆ ಬೆಟ್ಟ ಹತ್ತಿದ ರಿಪ್ 20 ವರ್ಷ ಮಲಗಿಬಿಡುತ್ತಾನೆ, ವಾಪಸ್ ಬಂದಾಗ ಅವಳು ಸತ್ತಿರುತ್ತಾಳೆ, ಅವನಿಗೆ ಹಾಯೆನಿಸುತ್ತದೆ, ಓದುವ ನಮಗೂ ಹಾಗೇ ಅನಿಸಬೇಕು ಅಂತ ಕಥೆ ಬಯಸುತ್ತದೆ. ಓದುತ್ತಿರುವವಳು ಹುಡುಗಿಯಾದರೆ? ಅವಳು ತನ್ನ ವಿರುದ್ಧವೇ ನಿಂತು ಓದಬೇಕು. ಹೊಲ ಹಾಳು ಬಿಟ್ಟ ಗಂಡನ ಜೊತೆ ಬಾಳಿದ ಆ ಹೆಂಡತಿಗೆ ಕಥೆಯಲ್ಲಿ ಸ್ವಂತ ಹೆಸರೂ ಇಲ್ಲ.

ಗಂಡಸರು ಬರೆದದ್ದನ್ನು ಬೇರೆ ಥರ ಓದಿದರೆ ಸಾಕಾ? ಹೆಂಗಸರು ಬರೆದದ್ದೂ ಕೈಗೆ ಸಿಗಬೇಕು ಅಲ್ವಾ? ಫ್ಲಾರೆನ್ಸ್ ಹೋವ್ ಮತ್ತು ಗೆಳತಿಯರು 1970ರಲ್ಲಿ ಫೆಮಿನಿಸ್ಟ್ ಪ್ರೆಸ್ ಎಂಬ ಪ್ರಕಾಶನ ಶುರು ಮಾಡಿದರು. ರೆಬೆಕಾ ಹಾರ್ಡಿಂಗ್ ಡೇವಿಸ್ ಅವರ 1861ರ 'ಲೈಫ್ ಇನ್ ದ ಐರನ್ ಮಿಲ್ಸ್' 1972ರಲ್ಲಿ, ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ 1892ರ 'ದ ಯೆಲ್ಲೋ ವಾಲ್‌ಪೇಪರ್' 1973ರಲ್ಲಿ ಅಲ್ಲಿಂದ ಮತ್ತೆ ಬಂದವು. (ಅಕ್ಕಮಹಾದೇವಿ, ಸಂಚಿ ಹೊನ್ನಮ್ಮ ಇರುವ ಸೂಸಿ ತಾರು ಮತ್ತು ಕೆ. ಲಲಿತಾ ಅವರ 'ವಿಮೆನ್ ರೈಟಿಂಗ್ ಇನ್ ಇಂಡಿಯಾ' ಕೂಡ ನ್ಯೂಯಾರ್ಕಿನಲ್ಲಿ ಇದೇ ಪ್ರೆಸ್ಸಿನಿಂದ ಬಂತು, 1991ರಲ್ಲಿ.) ಅದಕ್ಕೇ ಟಿಪ್ಪಣಿಯಲ್ಲಿ ಪ್ರತಿ ಕೃತಿಗೂ ಎರಡು ಇಸವಿ ಬರೆಯಿರಿ, ಮೊದಲು ಬಂದದ್ದು ಮತ್ತು ಮರುಮುದ್ರಣವಾದದ್ದು. ನಡುವಿನ ಅಂತರವೇ ಒಂದು ಒಳ್ಳೆ ಉತ್ತರಕ್ಕೆ ಸಾಮಗ್ರಿ.

ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. 1937ರಲ್ಲಿ 'ದೆರ್ ಐಸ್ ವರ್ ವಾಚಿಂಗ್ ಗಾಡ್' ಕಾದಂಬರಿ ಬರೆದವರು 1960ರಲ್ಲಿ ಬಡತನದಲ್ಲೇ ತೀರಿಕೊಂಡರು. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ಗೆ ಹೋಗಿ, ಗುರುತೇ ಇಲ್ಲದ ಸಮಾಧಿಗೆ ಕಲ್ಲು ನೆಡಿಸಿದರು. ಪಾಠ ಮಾಡುವವರಿಗೆ ಆ ಕಾದಂಬರಿ ಬೇಕಿತ್ತು, ಪ್ರತಿಗಳು ಇರಲಿಲ್ಲ. 1975ರಲ್ಲಿ ಭಾಷೆ, ಸಾಹಿತ್ಯದ ಅಧ್ಯಾಪಕರ ಸಂಘವಾದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಸಮ್ಮೇಳನದಲ್ಲಿ ಅದರ ಮರುಮುದ್ರಣಕ್ಕಾಗಿ ಸಹಿ ಸಂಗ್ರಹ ನಡೆಯಿತು. 1978ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರೆಸ್ ಅದನ್ನು ಮತ್ತೆ ತಂದಿತು.

ಕಪ್ಪು ವಿಮರ್ಶಕಿ ಬಾರ್ಬರಾ ಸ್ಮಿತ್ ಅವರ 1977ರ 'ಟುವರ್ಡ್ ಎ ಬ್ಲ್ಯಾಕ್ ಫೆಮಿನಿಸ್ಟ್ ಕ್ರಿಟಿಸಿಸಂ' ಪ್ರಬಂಧವನ್ನಂತೂ ಬಿಡಲೇಬೇಡಿ. ಬಿಳಿ ಸ್ತ್ರೀವಾದಿಗಳ ಪಟ್ಟಿಯಲ್ಲೂ ಕಪ್ಪು ಲೇಖಕಿಯರಿಲ್ಲ, ಕಪ್ಪು ಗಂಡಸರ ವಿಮರ್ಶೆಯಲ್ಲೂ ಅವರಿಗೆ ಜಾಗವಿಲ್ಲ ಅಂತ ನೇರವಾಗಿ ಹೇಳಿದರು. ಹೇಳಿ ಸುಮ್ನೆ ಕೂರಲಿಲ್ಲ. ಕವಿ ಆಡ್ರಿ ಲಾರ್ಡ್ ಮತ್ತಿತರರ ಜೊತೆ ಸೇರಿ 1980ರಲ್ಲಿ ಕಿಚನ್ ಟೇಬಲ್ ಅನ್ನೋ ತಮ್ಮದೇ ಪ್ರಕಾಶನ ಕಟ್ಟಿದರು.