ಮೀನುಮರಿಯ ಮೊದಲ ತುತ್ತು

ಮೇವು ಹೆಚ್ಚು ಹಾಕಿದಷ್ಟೂ ಮೀನುಮರಿ ಬೇಗ ಬೆಳೆಯುತ್ತದೆ ಎಂಬ ನಂಬಿಕೆಯಷ್ಟು ಮರಿಗಳನ್ನು ಕೊಂದಿರುವ ರೋಗಗಳು ಕಡಿಮೆಯೇ ಇರಬೇಕು. ಮೊಟ್ಟೆಯೊಡೆದ ಮೊದಲ ದಿನಗಳಲ್ಲಂತೂ ಮೇವು ಎಷ್ಟು ಎಂಬುದಕ್ಕಿಂತ ಅದು ಯಾವ ಗಾತ್ರದ್ದು, ಯಾವ ಹೊತ್ತಿಗೆ ಸಿಕ್ಕಿತು ಎಂಬುದೇ ಮುಖ್ಯ.

ಗೆಂಡೆ ಮೀನಿನ ಮರಿ ಹೊರಬಂದಾಗ ಸುಮಾರು 5 ಮಿಲಿಮೀಟರ್ ಉದ್ದವಿರುತ್ತದೆ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲವೇ ಅದಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಬೆಚ್ಚನೆಯ ನೀರಿನಲ್ಲಿ ಆ ಬುತ್ತಿ ಸುಮಾರು ಮೂರು ದಿನಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಬಾಯಿ ತೆರೆದು ಮರಿ ಬೇಟೆ ಕಲಿಯಬೇಕು. ಹಸಿವು ಒಂದು ಮಿತಿಯನ್ನು ದಾಟಿದರೆ, ಸುತ್ತಲೂ ಆಹಾರ ತುಂಬಿದ್ದರೂ ಅದನ್ನು ಹಿಡಿದು ನುಂಗುವ ಶಕ್ತಿ ಉಳಿಯುವುದಿಲ್ಲ. ಕೆಲವು ವರ್ಷ ಸಮುದ್ರದಲ್ಲಿ ಮೀನು ಹೇರಳವಾಗಿ, ಕೆಲವು ವರ್ಷ ವಿರಳವಾಗಿ ಇರುವುದಕ್ಕೆ ಮರಿಗಳ ಈ ನಿರ್ಣಾಯಕ ಹೊತ್ತೇ ಕಾರಣವಿರಬಹುದೆಂದು ನಾರ್ವೆಯ ಮೀನುಗಾರಿಕಾ ವಿಜ್ಞಾನಿ ಯೊಹಾನ್ ಯೋರ್ಟ್ 1914ರಲ್ಲೇ ಊಹಿಸಿದ್ದರು.

ಹಾಗಿದ್ದರೆ ಮೇವನ್ನು ನುಣ್ಣಗೆ ಪುಡಿಮಾಡಿ ಹಾಕಿದರಾಯಿತಲ್ಲ ಎನ್ನಿಸುವುದು ಸಹಜ. ಆದರೆ ಕಣ ಚಿಕ್ಕದಾದಂತೆಲ್ಲ ಅದರ ಗಾತ್ರಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚುತ್ತದೆ. ಕಣದ ವ್ಯಾಸವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ, ಅಷ್ಟೇ ತೂಕದ ಮೇವು ಹತ್ತು ಪಟ್ಟು ಮೇಲ್ಮೈಯನ್ನು ನೀರಿಗೆ ಒಡ್ಡುತ್ತದೆ. ನೀರಿನಲ್ಲಿ ಕರಗುವ ಜೀವಸತ್ವಗಳು ಮತ್ತು ಅಮೈನೋ ಆಮ್ಲಗಳು ಮರಿಯ ಬಾಯಿಗಿಂತ ಮೊದಲು ಕೊಳವನ್ನು ಸೇರುತ್ತವೆ, ಉಳಿದ ಪುಡಿ ತಳಕ್ಕಿಳಿದು ಕೊಳೆಯುತ್ತದೆ. ಜೀವಂತ ಆಹಾರಕ್ಕೆ ಈ ತೊಂದರೆಯಿಲ್ಲ. ಅದು ತನ್ನ ಸತ್ವವನ್ನು ಚರ್ಮದೊಳಗೇ ಇಟ್ಟುಕೊಂಡು ನೀರಿನ ನಡುವೆ ತೇಲುತ್ತದೆ, ಅಲುಗಾಡಿ ಮರಿಯ ಕಣ್ಣಿಗೂ ಬೀಳುತ್ತದೆ. ಮರಿ ಬಿಡುವ ಮುನ್ನ ಕೊಳಕ್ಕೆ ಗೊಬ್ಬರ ಹಾಕಿ ಪ್ರಾಣಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು, ಬೆಳೆಸುವುದು ಇದಕ್ಕಾಗಿಯೇ.

ಕಡಲ ಮೀನಿನ ಮರಿಗಳ ಬಾಯಿ ಇನ್ನೂ ಕಿರಿದು. ಅವಕ್ಕೆ 100ರಿಂದ 300 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಗಾತ್ರದ ರೋಟಿಫರ್‌ ಎಂಬ ಸೂಕ್ಷ್ಮಜೀವಿಗಳನ್ನು, ಕೊಂಚ ದೊಡ್ಡವಾದ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳನ್ನು ಉಣಿಸುತ್ತಾರೆ. ತಮಾಷೆಯೆಂದರೆ, ಜಪಾನಿನ ಹಾವುಮೀನಿನ ಕೊಳಗಳಲ್ಲಿ ರೋಟಿಫರನ್ನು ಮೊದಮೊದಲು ಪೀಡೆಯೆಂದೇ ಎಣಿಸಿದ್ದರು. 1960ರ ಸುಮಾರಿಗೆ ಆ ಪೀಡೆಯೇ ಮೀನುಮರಿಗಳ ಮೇವಾಯಿತು. ಆದರೆ ಬರಿಯ ರೋಟಿಫರ್ ಸಾಲದು. ಮರಿಯ ಕಣ್ಣು ಮತ್ತು ಮಿದುಳಿನ ಬೆಳವಣಿಗೆಗೆ ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಅದರಲ್ಲಿ ಕಡಿಮೆ. ಆದ್ದರಿಂದ ಮರಿಗೆ ಉಣಿಸುವ ಮೊದಲು ರೋಟಿಫರಿಗೇ ಕೆಲವು ಗಂಟೆಗಳ ಕಾಲ ಆ ಕೊಬ್ಬಿರುವ ಪಾಚಿಯನ್ನೋ ಎಣ್ಣೆಯ ಮಿಶ್ರಣವನ್ನೋ ತಿನ್ನಿಸುತ್ತಾರೆ.

ಮುಂದೆ ಒಣ ಮೇವಿಗೆ ಮರಿಗಳನ್ನು ಕೆಲವು ದಿನ ಅದನ್ನೂ ಜೀವಂತ ಆಹಾರವನ್ನೂ ಬೆರೆಸಿ ಹಾಕುತ್ತ ರೂಢಿಸಬೇಕು. ಇಲ್ಲಿ ಜೀವಸತ್ವ ಸಿ ವಿಶೇಷ ಗಮನ ಬೇಡುತ್ತದೆ. ಬಹುತೇಕ ಸಾಕು ಮೀನುಗಳು ಅದನ್ನು ತಾವೇ ತಯಾರಿಸಿಕೊಳ್ಳಲಾರವು, ಮೇವಿನಲ್ಲಿರುವುದು ಶಾಖಕ್ಕೆ ಮತ್ತು ದೀರ್ಘ ಸಂಗ್ರಹಣೆಗೆ ನಾಶವಾಗುತ್ತದೆ, ಕೊರತೆಯಾದರೆ ಬೆನ್ನುಮೂಳೆ ಬಾಗುತ್ತದೆ. ಸೊಟ್ಟ ಬೆನ್ನಿನ ಮರಿಗಳನ್ನು ಕಂಡು ತಳಿಯನ್ನು ಹಳಿಯುವ ಮೊದಲು ಮೇವಿನ ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡುವುದು ವಾಸಿ.

ಇನ್ನು ಅತಿಯಾದ ಮೇವಿನ ಮಾತು. ತಿನ್ನದೆ ಉಳಿದದ್ದು ಕೊಳೆತು ಅಮೋನಿಯ ಬಿಡುತ್ತದೆ. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ನೀರಿನ ಪಿಎಚ್ (ಆಮ್ಲೀಯತೆ-ಕ್ಷಾರೀಯತೆಯ ಅಳತೆ) ಏರಿ, ಅಮೋನಿಯದ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಮುಂಜಾನೆ ಸುರಕ್ಷಿತವೆನಿಸಿದ ನೀರೇ ಮಧ್ಯಾಹ್ನ ಮರಿಗಳ ಕಿವಿರುಗಳನ್ನು ಸುಡಬಹುದು. ಆದ್ದರಿಂದ ಮರಿಗಳು ಮೇವಿಗೆ ಬಾರದ ದಿನ ಇನ್ನೊಂದು ಹಿಡಿ ಎರಚದೆ, ಮೇವು ನಿಲ್ಲಿಸಿ ಮಧ್ಯಾಹ್ನದ ನೀರನ್ನೇ ಪರೀಕ್ಷಿಸಬೇಕು.